ಮೂರನೆಯ ಸರದಿ

ಆ ವರ್ಷ ನಮ್ಮ ಮನೆಯಲ್ಲಿ ಎರಡು ನಿರ್ಬಂಧಗಳಿದ್ದವು. ಒಂದನ್ನು ಹೊರಗಿನ ದೊಡ್ಡ ದೇಶಗಳು ಸೇರಿಕೊಂಡು ನಮ್ಮ ದೇಶದ ಮೇಲೆ ಹಾಕಿದ್ದವು. ಇನ್ನೊಂದನ್ನು ನಾನು ನನ್ನ ಅತ್ತೆಯ ಗಂಟಲಿನ ಮೇಲೆ ಹಾಕಿದ್ದೆ. ಹೀಗೆಂದು ಹೇಳಿದ್ದು ನಾನಲ್ಲ, ಸ್ವತಃ ಅತ್ತೆಯೇ. ಅದೂ ಬಂದವರು ಹೋದವರ ಮುಂದೆಲ್ಲ. “ಅವರದಾದ್ರೂ ಎಂದೋ ಒಂದಿನ ತೆಗೀಬಹುದು. ಇವಳದು ತೆಗೆಯೋ ಮಾತೇ ಇಲ್ಲ” ಎಂದು ಸೇರಿಸುತ್ತಿದ್ದರು.

ಅತ್ತೆ ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿ ದುಡಿದವರು. ಬರೀ ಗಂಡಸರಿದ್ದ ಡಿಪೋದಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು, ಸಾಲು ಮುರಿದವನು ಮಂತ್ರಿಯ ಮಗನೇ ಆದರೂ ಕೆಳಗಿಳಿಸಿ ಬಂದವರು. ಈಗಲೂ ಅಡುಗೆಮನೆಯ ಬಾಗಿಲಲ್ಲಿ ಯಾರಾದರೂ ನಿಂತರೆ “ಒಳಗೆ ನಡೀರಿ, ಒಳಗೆ ಜಾಗ ಇದೆ” ಎನ್ನುತ್ತಾರೆ. ಅವರ ಎರಡೂ ಮೂತ್ರಪಿಂಡ ಕೆಟ್ಟು ನಾಲ್ಕು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ದೊಡ್ಡಾಸ್ಪತ್ರೆಗೆ ಹೋಗಿ, ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಕೈಚಾಚಿ ಕೂತು, ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಮನೆಯಲ್ಲಿ ನಾವು ಅದಕ್ಕೆ ‘ಸರದಿ’ ಎನ್ನುತ್ತಿದ್ದೆವು.

ಕುಡಿದ ನೀರಿಗೆ ಹೊರಗೆ ಹೋಗುವ ದಾರಿಯಿಲ್ಲ. ಮುಂದಿನ ಸರದಿಯವರೆಗೆ ಮೈಯಲ್ಲೇ ನಿಲ್ಲುತ್ತದೆ. ಹಾಗಾಗಿ ದಿನಕ್ಕೆ ಮೂರೇ ಲೋಟ ನೀರು. ತರಕಾರಿಯನ್ನು ಎರಡು ಸಲ ಬೇಯಿಸಿ ನೀರು ಚೆಲ್ಲಬೇಕು. ಉಪ್ಪು ಚಿಟಿಕೆಯಷ್ಟು. ಬಾಳೆಹಣ್ಣು, ಟೊಮೆಟೊ ಕಣ್ಣಿಗೂ ಬೀಳಬಾರದು. ಇಷ್ಟನ್ನೂ ನೋಡಿಕೊಳ್ಳುವವಳು ನಾನು, ಬೈಸಿಕೊಳ್ಳುವವಳೂ ನಾನೇ.

ನನ್ನ ಗಂಡ ಅದೇ ಆಸ್ಪತ್ರೆಯಲ್ಲಿ ಯಂತ್ರಗಳನ್ನು ರಿಪೇರಿ ಮಾಡುವ ಮೆಕ್ಯಾನಿಕ್. ಯಂತ್ರದ ಹತ್ತಿರ ಮಾತಾಡಿದ್ದರಲ್ಲಿ ಕಾಲುಭಾಗ ಹೆಂಡತಿಯ ಹತ್ತಿರ ಮಾತಾಡಿದ್ದರೆ ನನ್ನ ಜನ್ಮ ಸಾರ್ಥಕವಾಗುತ್ತಿತ್ತು. ಮಗಳು ಬ್ಯಾಂಕಿನಲ್ಲಿ, ಪರದೇಶಕ್ಕೆ ಹಣ ಕಳಿಸುವ ವಿಭಾಗದಲ್ಲಿ ಗುಮಾಸ್ತೆ. ನಾನು ಮುಂದಿನ ಕೋಣೆಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ನಿರ್ಬಂಧ ಬಂದ ಮೇಲೆ ಜಿಪ್ಪು ಸಿಗದೆ ಚಡ್ಡಿಗಳಿಗೆಲ್ಲ ಗುಂಡಿ ಹಾಕುತ್ತಿದ್ದೆ. ಜಿಪ್ಪಿಲ್ಲದಿದ್ದರೆ ಗುಂಡಿಯಲ್ಲಿ ನಡೆಯುತ್ತದೆ. ಎಲ್ಲ ಸಾಮಾನಿಗೂ ಹಾಗೆ ಬದಲಿ ಇರುವುದಿಲ್ಲವೆಂದು ತಿಳಿದದ್ದು ಒಂದು ಸೋಮವಾರ, ಊಟಕ್ಕೆ ಕೂತಾಗ.

“ಇನ್ನೊಂದು ಯಂತ್ರಾನೂ ನಿಂತಿತು” ಎಂದರು ಇವರು, ತಟ್ಟೆ ನೋಡುತ್ತ. “ಆರರಲ್ಲಿ ನಾಲ್ಕು ಉಳೀತು. ರೋಗಿಗಳು ಮೂವತ್ತಾರು ಜನ. ನಾಳೆಯಿಂದ ಎಲ್ಲರಿಗೂ ವಾರಕ್ಕೆ ಎರಡೇ ಸರದಿ.”

ನಾನು ಸೌಟು ಕೆಳಗಿಟ್ಟೆ. ಅತ್ತೆ ಮಾತ್ರ ಅನ್ನ ಕಲಸುತ್ತಲೇ ಇದ್ದರು.

“ಬಿಡಿಭಾಗ ತರಿಸೋಕೆ ಏನ್ರೀ ಧಾಡಿ ಆಸ್ಪತ್ರೆಯವರಿಗೆ?” ಎಂದೆ.

“ಆಸ್ಪತ್ರೆಯವರದಲ್ಲಮ್ಮ” ಎಂದಳು ಮಗಳು. “ಔಷಧಿಗೆ, ಆಸ್ಪತ್ರೆ ಸಾಮಾನಿಗೆ ನಿರ್ಬಂಧ ಇಲ್ಲ ಅಂತ ಕಾಗದದಲ್ಲಿ ಬರೆದಿದಾರೆ. ಆದರೆ ದುಡ್ಡು ಹೋಗಬೇಕಲ್ಲ? ನಾನೇ ಮೂರು ಸಲ ಕಳಿಸಿದೆ. ಮೂರು ಸಲಾನೂ ನಡುವಿನ ಬ್ಯಾಂಕು ವಾಪಸ್ ಕಳಿಸ್ತು. ನಮ್ಮ ದೇಶದ ಹೆಸರು ಕಂಡ್ರೆ ಸಾಕು, ಅವರಿಗೆ ಚಳಿಜ್ವರ ಬರುತ್ತೆ.”

“ಅಂದ್ರೆ ಬಾಗಿಲು ತೆಗೆದಿಟ್ಟು ಹೊಸಿಲ ಮೇಲೆ ಮುಳ್ಳು ಹರಡಿದಾರೆ ಅನ್ನು” ಎಂದರು ಅತ್ತೆ.

ನಾನು ಇವರತ್ತ ತಿರುಗಿದೆ. “ನೋಡ್ರೀ, ಅಲ್ಲಿ ಯಂತ್ರ ನೋಡಿಕೊಳ್ಳೋರು ನೀವು. ಅತ್ತೆ ಹೆಸರು ಮೊದಲು ಬರೆಸಿ. ಅವರಿಗೆ ಮೂರೂ ಸರದಿ ಇರಲಿ.”

“ಪಟ್ಟಿ ಡಾಕ್ಟರಮ್ಮಂದು.”

“ಡಾಕ್ಟರಮ್ಮಂಗೆ ಹೇಳೋಕೆ ಬಾಯಿಲ್ವಾ?”

“ಯಾರನ್ನ ಇಳಿಸಿ ನನ್ನ ಕೂರಿಸ್ತೀಯೇ?” ಅತ್ತೆ ನನ್ನನ್ನು ನೆಟ್ಟಗೆ ನೋಡಿದರು. “ಸಾಲಲ್ಲಿ ನನ್ನ ಪಕ್ಕ ಆ ಬೇಕರಿಯವಳಿದಾಳೆ. ಇನ್ನೂ ಮೂವತ್ತು ದಾಟಿಲ್ಲ, ಎರಡು ಸಣ್ಣ ಮಕ್ಕಳು. ಅವಳನ್ನ ಇಳಿಸ್ಲಾ?”

“ನನಗೆ ಬೇಕರಿಯವಳು ಗೊತ್ತಿಲ್ಲ. ನೀವು ಗೊತ್ತು” ಎಂದು ನಾನು ಪಾತ್ರೆಯನ್ನು ದಬಕ್ಕನೆ ಇಟ್ಟೆ. ನನ್ನ ಮಾತಿನಲ್ಲಿ ತಪ್ಪಿದೆ ಎಂದು ಆಗ ಅನಿಸಲಿಲ್ಲ. ಮುಂದೆ ಎರಡು ವಾರ ಊಟಕ್ಕೆ ಕೂತಾಗಲೆಲ್ಲ ಇದೇ ಜಗಳ. ಅತ್ತೆ ಮೊದಲು, ಅತ್ತೆ ಮೊದಲು ಎಂದು ನಾನು. ಕೈತೊಳೆಯಲು ಎದ್ದುಹೋಗುವವರು ಇವರು.

ಸರದಿ ಎರಡಕ್ಕಿಳಿದ ಮೇಲೆ ನೀರೂ ಎರಡು ಲೋಟಕ್ಕಿಳಿಯಿತು. ಬೇಸಿಗೆ ಬೇರೆ. ಮೂರನೆಯ ದಿನ ಹನ್ನೊಂದು ಗಂಟೆಗೆ ಅತ್ತೆ ನನ್ನ ಹೊಲಿಗೆ ಯಂತ್ರದ ಪಕ್ಕ ಬಂದು ಕೂತರು. ತುಟಿ ಒಡೆದಿತ್ತು.

“ಒಂದೇ ಗುಟುಕು ಕಣೇ. ಅವನಿಗೆ ಹೇಳ್ಬೇಡ, ಕೂಗಾಡ್ತಾನೆ.”

ಇವರು ಕೂಗಾಡಿದ್ದನ್ನು ಇಪ್ಪತ್ತಾರು ವರ್ಷದಲ್ಲಿ ನಾನು ಕಂಡಿಲ್ಲ. ಆದರೂ ಆ ಮುಖ ನೋಡಿ ಎದ್ದು ನೀರಿನ ಬಿಂದಿಗೆಯ ಹತ್ತಿರ ಹೋದೆ. ಅರ್ಧ ಲೋಟ ಕೊಟ್ಟೆ. ಅರ್ಧ ಲೋಟದಿಂದ ಯಾರೂ ಸಾಯುವುದಿಲ್ಲ ಎಂದುಕೊಂಡೆ. ಅಂದಿನಿಂದ ದಿನಾ ಹನ್ನೊಂದಕ್ಕೆ ಅತ್ತೆ ಬರುತ್ತಿದ್ದರು, ನಾನು ಕೊಡುತ್ತಿದ್ದೆ.

ಮೂರನೆಯ ವಾರದ ಶುಕ್ರವಾರ ಬೆಳಿಗ್ಗೆ ಅತ್ತೆ ಮಂಚದ ಅಂಚಿನಲ್ಲಿ ಕೂತು, ಎರಡೂ ಕೈ ಊರಿ, ಉಸಿರಿಗೆ ಒದ್ದಾಡುತ್ತಿದ್ದರು. ಮಾತು ಹೊರಡುತ್ತಿರಲಿಲ್ಲ. ಅತ್ತೆಯ ಬಾಯಲ್ಲಿ ಮಾತು ಹೊರಡದಿದ್ದದ್ದು ಆ ಮನೆಯಲ್ಲಿ ಅದೇ ಮೊದಲು. ಪಕ್ಕದ ಮನೆಯವರ ವ್ಯಾನಿನಲ್ಲಿ ಹಾಕಿಕೊಂಡು ಓಡಿದೆವು. ಆಸ್ಪತ್ರೆಯ ತಕ್ಕಡಿ ಹಿಂದಿನ ಸರದಿಗಿಂತ ನಾಲ್ಕೂವರೆ ಕಿಲೋ ಹೆಚ್ಚು ತೋರಿಸಿತು. ಡಾಕ್ಟರಮ್ಮ ಅದನ್ನು ನೋಡಿದರು, ಆಮೇಲೆ ನಮ್ಮನ್ನು ನೋಡಿದರು.

“ನೀರು ಶ್ವಾಸಕೋಶಕ್ಕೆ ಹೋಗಿದೆ. ಈಗಲೇ ಕೂರಿಸಬೇಕು. ಯಂತ್ರ ಖಾಲಿಯಿಲ್ಲ.”

ನಾಲ್ಕನೆಯ ಯಂತ್ರದ ಕುರ್ಚಿಯಲ್ಲಿ ಒಬ್ಬ ತೆಳ್ಳಗಿನ ಹೆಂಗಸು ಆಗತಾನೇ ತೋಳು ಮಡಚಿಕೊಂಡು ಕೂತಿದ್ದಳು. ಯಾರೂ ಕೇಳುವ ಮೊದಲೇ ಎದ್ದಳು. “ಅಜ್ಜಿ ಕೂರಲಿ, ಡಾಕ್ಟ್ರೇ. ನಾನು ತಡ್ಕೋತೀನಿ.” ಅವಳೇ ಬೇಕರಿಯವಳು. ಆ ವಾರ ಅವಳಿಗೆ ಒಂದೇ ಸರದಿ ಸಿಕ್ಕಿತು. ಅತ್ತೆ ಮೊದಲು ಎಂದು ನಾನು ಹಟ ಹಿಡಿದಿದ್ದೆನಲ್ಲ, ಅದು ಹೀಗೆ ನಡೆಯಿತು. ನನಗೆ ಅವಳ ಮುಖ ನೋಡಲಾಗಲಿಲ್ಲ.

ಮಾರನೆಯ ದಿನ ಅತ್ತೆ ಮನೆಗೆ ಬಂದರು. ಮಧ್ಯಾಹ್ನ ಊಟದ ಹೊತ್ತಿಗೆ ನಾನೇ ಬಾಯಿಬಿಟ್ಟೆ. “ತಪ್ಪು ನಂದು. ದಿನಾ ಅರ್ಧ ಲೋಟ ಹೆಚ್ಚಿಗೆ ಕೊಡ್ತಿದ್ದೆ.”

“ಅರ್ಧ ಲೋಟಕ್ಕೆ ನಾಲ್ಕೂವರೆ ಕಿಲೋ ಹೆಂಗಾಗುತ್ತೆ?” ಎಂದರು ಇವರು.

ಮಗಳು ತಲೆ ತಗ್ಗಿಸಿದಳು. “ನಾನು ಸಾಯಂಕಾಲ ಐಸ್ ಕೊಡ್ತಿದ್ದೆ. ಅಮ್ಮಂಗೆ ಹೇಳ್ಬೇಡ, ಅಮ್ಮ ಕೂಗಾಡ್ತಾಳೆ ಅಂದ್ರು ಅಜ್ಜಿ.”

“ಎಷ್ಟು?”

“ಒಂದು ಬಟ್ಟಲು.”

ಮೂವರೂ ಇವರತ್ತ ತಿರುಗಿದೆವು. ಇವರು ಕೆಮ್ಮಿದರು. “ಬೆಳಿಗ್ಗೆ ನಾನು ಹೊರಡೋ ಮುಂಚೆ… ಚಹಾ.”

“ಒಂದು ಗುಟುಕಾ?”

“ಒಂದು ಲೋಟ.”

“ಅಯ್ಯೋ ನಿಮ್ಮ! ಆಸ್ಪತ್ರೆಯಲ್ಲಿ ಕೆಲಸ ಮಾಡೋರು ನೀವು!”

ಅತ್ತೆ ನಿರಾಳವಾಗಿ ಕೂತಿದ್ದರು. “ಒಬ್ಬೊಬ್ಬರ ಹತ್ರ ಒಂದೊಂದು ಸಲ ಕೇಳಿದೀನಿ. ಯಾರ ಹತ್ರಾನೂ ದಿನಕ್ಕೆ ಎರಡು ಸಲ ಕೇಳಿಲ್ಲ. ಮೂರು ಜನಾನೂ ಇಷ್ಟು ಮೆತ್ತಗೆ ಅಂತ ನನಗೇನು ಗೊತ್ತು?”

ಮೊದಲು ಮಗಳಿಗೆ ನಗು ಬಂತು, ಆಮೇಲೆ ನನಗೆ. ನಗುತ್ತ ನೋಡಿದರೆ ಅತ್ತೆಯ ಕಣ್ಣಲ್ಲಿ ನೀರು. “ಆ ಹುಡುಗಿ ಎದ್ದು ಜಾಗ ಕೊಟ್ಟಳು. ಮೂವತ್ತೊಂದು ವರ್ಷ ಒಬ್ಬರನ್ನೂ ಸಾಲು ಮುರಿಯೋಕೆ ಬಿಡದೋಳು ಒಂದು ಲೋಟ ಚಹಾಕ್ಕೆ ನಾನೇ ಮುರಿದೆ” ಎಂದರು. ಸೆರಗಿನಿಂದ ಮುಖ ಒರೆಸಿಕೊಂಡು ಮಗನತ್ತ ತಿರುಗಿದರು. “ಆ ಯಂತ್ರಕ್ಕೆ ಏನಾಗಿದೆ? ನೆಟ್ಟಗೆ ಹೇಳು.”

ಇವರು ಜೇಬಿನಿಂದ ಹೆಬ್ಬೆರಳಿನಷ್ಟು ಗಾತ್ರದ ಎರಡು ಬಿಳಿಯ ಉರುಳೆ ತೆಗೆದು ತಟ್ಟೆಯ ಪಕ್ಕ ಇಟ್ಟರು. ಎರಡರ ಮೈಯಲ್ಲೂ ಸವೆದ ಗೀರು. “ಟೂತ್‌ಪೇಸ್ಟ್ ಟ್ಯೂಬನ್ನ ಹಿಂದಿನಿಂದ ಒತ್ತಿಕೊಂಡು ಬರ್ತೀವಲ್ಲ, ಹಾಗೆ ಇವು ತಿರುಗ್ತಾ ಕೊಳವೆಯನ್ನ ಹೊರಗಿನಿಂದ ಒತ್ತುತ್ತವೆ. ರಕ್ತ ಮುಂದೆ ಹೋಗುತ್ತೆ. ರಕ್ತಕ್ಕೆ ಇವು ತಾಗೋದೇ ಇಲ್ಲ. ಎರಡೂ ಯಂತ್ರ ನಿಂತಿರೋದು ಇಷ್ಟಕ್ಕೇ. ಒಂದು ಸಲ ನಾನೇ ಲೇತಲ್ಲಿ ಹೊಸದು ಕಡೆದು ನೋಡಿದೆ. ಒಂದು ಗಂಟೇಲಿ ಬಿಸಿಯಾಗಿ ಮೆತ್ತಗಾಯ್ತು.”

“ಯಾವ ಪ್ಲಾಸ್ಟಿಕ್ಕಲ್ಲಿ ಕಡೆದೆ?”

ಇವರು ನನ್ನತ್ತ ಕಳ್ಳನೋಟ ಬೀರಿದರು. ತಿಂಗಳಿಂದ ನಾನು ಹುಡುಕುತ್ತಿದ್ದ ಪ್ಲಾಸ್ಟಿಕ್ಕಿನ ತರಕಾರಿ ಹಲಗೆ ಎಲ್ಲಿ ಹೋಯಿತೆಂದು ಆಗ ತಿಳಿಯಿತು.

“ಮಿಕ್ಸಿ ಬೇಕಾದ್ರೆ ಅದನ್ನೂ ತಗೊಂಡು ಹೋಗಿ” ಎಂದೆ.

ಅತ್ತೆ ಉರುಳೆಯನ್ನು ಬೆರಳಲ್ಲಿ ಹೊರಳಿಸಿ ನೋಡುತ್ತಿದ್ದರು. “ಹಳೇ ಬಸ್ಸಿನ ಮಡಿಚೋ ಬಾಗಿಲು ಮೇಲೆ ಕಂಬೀಲಿ ಓಡುತ್ತೆ. ಅದಕ್ಕೂ ಬಿಳೀ ಉರುಳೆ ಇರುತ್ತೆ, ಇದಕ್ಕಿಂತ ದಪ್ಪ. ದಿನಕ್ಕೆ ಸಾವಿರ ಸಲ ತೆಗೆದು ಹಾಕಿದೀನಿ, ಬಿಸಿಲಲ್ಲಿ ಧೂಳಲ್ಲಿ. ಬಸ್ಸು ತುಕ್ಕು ಹಿಡೀತು, ಡ್ರೈವರ್‌ಗೆ ಹಲ್ಲು ಬಿತ್ತು, ಅದು ಮಾತ್ರ ಸವೀಲಿಲ್ಲ. ನಾಳೆ ಡಿಪೋಗೆ ಹೋಗೋಣ.”

“ನೀವು ಮಲಗಿ, ಅವರು ಹೋಗ್ತಾರೆ” ಎಂದೆ.

“ಇವನಿಗೆ ಯಾರು ಕೊಡ್ತಾರೆ? ಡಿಪೋದಲ್ಲಿ ನನ್ನ ಮುಖ ನಡೆಯುತ್ತೆ.”

ನಡೆಯಿತು. ಗುಜರಿ ಬಸ್ಸುಗಳ ಅಂಗಳದಲ್ಲಿ ಮುದಿ ಕಾವಲುಗಾರ “ಕಂಡಕ್ಟರಮ್ಮಾ!” ಎಂದು ಓಡಿಬಂದು ಸ್ಟೂಲು ಹಾಕಿದನಂತೆ. ಅತ್ತೆ ಅಲ್ಲೇ ಕೂತು ಬೆರಳು ತೋರಿಸಿದರು, ಇವರು ಏಣಿ ಹತ್ತಿ ಬಿಚ್ಚಿದರು. ಹನ್ನೊಂದು ಉರುಳೆ ಚೀಲದಲ್ಲಿ ಬಂದವು. ಗ್ರೀಸು ಹತ್ತಿದ ಆ ಚೀಲವನ್ನು ನನ್ನ ಸಮವಸ್ತ್ರಗಳ ಮೇಲೆ ಇಟ್ಟದ್ದಕ್ಕೆ ನಾನು ಬೈದದ್ದು ಬೇರೆ ಮಾತು.

ಆಸ್ಪತ್ರೆಯ ವರ್ಕ್‌ಶಾಪಿನಲ್ಲಿ ಇವರು ಒಂಬತ್ತು ದಿನ ಲೇತಿನ ಮುಂದೆ ನಿಂತರು. ಕೂದಲೆಳೆಯಷ್ಟು ಹೆಚ್ಚಾದರೆ ಕೊಳವೆ ಒಡೆದುಹೋಗುತ್ತದೆ, ಕೂದಲೆಳೆಯಷ್ಟು ಕಡಿಮೆಯಾದರೆ ರಕ್ತ ಹಿಂದೆ ಸರಿಯುತ್ತದೆ. ಐದು ಉರುಳೆ ಹಾಳಾದವು. ಆರನೆಯದೂ ಏಳನೆಯದೂ ಸರಿಯಾಗಿ ಕೂತವು. ಆಮೇಲೆ ಉಪ್ಪುನೀರು ಹಾಕಿ ನೂರು ಗಂಟೆ ಓಡಿಸಿದರು. ಡಾಕ್ಟರಮ್ಮ ಗಂಟೆಗೊಮ್ಮೆ ಅಳತೆ ಬರೆಸಿದರು. ಬಿಸಿಯಾಗಲಿಲ್ಲ, ಸವೆಯಲಿಲ್ಲ.

ಇವರು ಮನೆಗೆ ಬಂದು ಹೇಳಿದ್ದು ಇಷ್ಟು: “ಯಂತ್ರ ಸರಿಯಾಗಿದೆ. ಆದರೆ ಕಂಪನಿ ಉರುಳೆ ಅಲ್ಲ ಅಂತ, ಮೊದಲು ಕೂರೋ ರೋಗಿ ಜೊತೆ ಅವರ ಮನೆಯವರೂ ಸಹಿ ಹಾಕಬೇಕು. ಎಲ್ಲರನ್ನೂ ಕೇಳಿದ್ವಿ. ಯಾರೂ ಒಪ್ಪಲಿಲ್ಲ.”

“ಒಪ್ಪೋದಾದ್ರೂ ಹೇಗೆ, ಪಾಪ” ಎಂದೆ.

“ನಾನು ಕೂರ್ತೀನಿ” ಎಂದರು ಅತ್ತೆ.

“ಬೇಡ” ಎಂದೆ ನಾನು.

“ನೀನೇ ತಾನೇ ಅಜ್ಜಿ ಮೊದಲು, ಅಜ್ಜಿ ಮೊದಲು ಅಂತಿದ್ದಿದ್ದು?” ಎಂದಳು ಮಗಳು.

“ನೆಟ್ಟಗಿರೋ ಯಂತ್ರಕ್ಕೆ ಮೊದಲು ಅಂದೆ! ಪರೀಕ್ಷೆ ಮಾಡೋಕಲ್ಲ!” ನನಗೆ ಪಿತ್ತ ನೆತ್ತಿಗೇರಿತ್ತು. “ಏನ್ರೀ, ಹೆತ್ತತಾಯಿ ಮೇಲೆ ಪ್ರಯೋಗ ಮಾಡ್ತೀರಾ?”

“ನಾನು ಕೇಳಿಲ್ಲ” ಎಂದರು ಇವರು. ದನಿ ಸಣ್ಣದಾಗಿತ್ತು. “ಕೇಳೋದೂ ಇಲ್ಲ.” ಅರ್ಧ ಊಟ ಬಿಟ್ಟು ಎದ್ದರು.

ಮಾಡಿದವನು ಸಹಿ ಹಾಕುವಂತಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರಂತೆ. ಅತ್ತೆಯ ಆಸ್ಪತ್ರೆ ಚೀಟಿಯಲ್ಲಿ ‘ನೋಡಿಕೊಳ್ಳುವವರು’ ಎಂಬಲ್ಲಿ ಇದ್ದದ್ದು ನನ್ನ ಹೆಸರು. ಕಾಗದ ನನ್ನ ಹೊಲಿಗೆ ಯಂತ್ರದ ಮೇಲೆ ಎರಡು ದಿನ ಬಿದ್ದಿತ್ತು. ಅದರ ಸುತ್ತಲೇ ಬಟ್ಟೆ ಹೊಲಿದೆ.

ಮೂರನೆಯ ದಿನ ಅತ್ತೆ ಬಂದು ಪಕ್ಕದಲ್ಲಿ ಕೂತು, ಕತ್ತರಿ ತೆಗೆದುಕೊಂಡು ಗುಂಡಿಗಳ ಹೆಚ್ಚಿನ ದಾರ ಕತ್ತರಿಸತೊಡಗಿದರು.

“ನೀನು ಬೇಡ ಅಂದ್ರೆ ಬೇಡ ಕಣೇ” ಎಂದರು. “ನಾನು ಗಲಾಟೆ ಮಾಡಲ್ಲ.”

“ನೀವಾ?”

“ನಾನೇ. ಇಪ್ಪತ್ತಾರು ವರ್ಷ ನೀನು ಹೇಳಿದ್ದಕ್ಕೆಲ್ಲ ಇಲ್ಲ ಅಂದಿದೀನಿ. ನೀನು ಉಪ್ಪು ಹಾಕಿದ್ರೆ ಹೆಚ್ಚಾಯ್ತು ಅಂದೆ, ಬಿಟ್ರೆ ಸಪ್ಪೆ ಅಂದೆ. ಇದೊಂದು ನಿನಗೆ ಬಿಟ್ಟಿದೀನಿ. ಆದರೆ ಒಂದು ಮಾತು. ವಾರಕ್ಕೆ ಎರಡು ಸರದಿಯಲ್ಲಿ ನಾನು ಎಷ್ಟು ದಿನ ನಡೆಸ್ತೀನಿ, ನಿಜ ಹೇಳು. ಕಾಲು ನೋಡಿದೀಯಲ್ಲ.”

ನೋಡಿದ್ದೆ. ಬೆರಳಿಟ್ಟು ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು.

“ಆ ಬೇಕರಿಯವಳ ಕಾಲೂ ಹಾಗೇ ಇದೆ” ಎಂದರು ಅತ್ತೆ. “ಮೂವತ್ತಾರು ಜನರದ್ದೂ ಹಾಗೇ.”

ನಾನು ಕೆಲಸ ನಿಲ್ಲಿಸಿ ನೆಟ್ಟಗೆ ವರ್ಕ್‌ಶಾಪಿಗೆ ಹೋದೆ. ಇವರು ನನ್ನನ್ನು ಅಲ್ಲಿ ಕಂಡು ಗಾಬರಿಯಾದರು.

“ನಡುವೆ ನಿಮ್ಮ ಉರುಳೆ ನಿಂತ್ರೆ ಏನು ಮಾಡ್ತೀರಿ?”

“ಕೈಯಲ್ಲಿ ತಿರುಗಿಸೋ ಹಿಡಿ ಇದೆ. ಮೈಯಿಂದ ಹೊರಗೆ ಬಂದ ರಕ್ತ ವಾಪಸ್ ಹೋಗೋವರೆಗೂ ಒಂದೇ ವೇಗದಲ್ಲಿ ತಿರುಗಿಸಬೇಕು.”

“ಯಾರು ತಿರುಗಿಸ್ತಾರೆ?”

“ನಾನು.”

“ಎದುರಿಗೆ ಕೂತಿರೋದು ನಿಮ್ಮಮ್ಮ. ನಿಮ್ಮ ಕೈ ನಡುಗುತ್ತೆ.” ಇವರು ತಮ್ಮ ಅಂಗೈ ನೋಡಿಕೊಂಡರು. “ನನಗೆ ಕಲಿಸಿ” ಎಂದೆ. “ಮೂವತ್ತು ವರ್ಷದಿಂದ ಹೊಲಿಗೆ ಯಂತ್ರದ ಚಕ್ರ ತಿರುಗಿಸಿದ ಕೈ ಇದು. ಒಂದೇ ವೇಗ ಅಂದ್ರೆ ಏನು ಅಂತ ಇದಕ್ಕೆ ಗೊತ್ತು.”

ಉಪ್ಪುನೀರು ತುಂಬಿಸಿ ಹಿಡಿ ಹಾಕಿಕೊಟ್ಟರು. ತಿರುಗಿಸಿದೆ. ಮೊದಲು ಜೋರಾಯಿತು, ಆಮೇಲೆ ಹದಕ್ಕೆ ಬಂತು. ಇವರು ಗಡಿಯಾರ ಹಿಡಿದು ನಿಂತಿದ್ದರು. ಹತ್ತು ನಿಮಿಷದ ಮೇಲೆ “ನನಗಿಂತ ಚೆನ್ನಾಗಿದೆ” ಎಂದರು. ಮದುವೆಯಾದಾಗಿನಿಂದ ಇವರ ಬಾಯಿಂದ ಬಂದ ಅತಿ ದೊಡ್ಡ ಹೊಗಳಿಕೆ ಅದು. ಅಲ್ಲೇ ಲೇತಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದೆ.

ಬುಧವಾರ ಬೆಳಿಗ್ಗೆ ಎಂಟಕ್ಕೆ ಅತ್ತೆಯನ್ನು ಐದನೆಯ ಯಂತ್ರಕ್ಕೆ ಕೂರಿಸಿದರು. ನರ್ಸು ಸೂಜಿ ಹಾಕಿದಳು. ಇವರು ಒಂದು ಕಡೆ, ಡಾಕ್ಟರಮ್ಮ ಒಂದು ಕಡೆ, ಹಿಡಿ ಕೈಯಲ್ಲಿ ಹಿಡಿದು ನಾನು ನಡುವೆ. ಕೊಳವೆ ಕೆಂಪಾಯಿತು. ಉರುಳೆಗಳು ತಿರುಗಿದವು. ಉಳಿದ ನಾಲ್ಕು ಕುರ್ಚಿಗಳಲ್ಲಿದ್ದವರು ಕತ್ತು ಹೊರಳಿಸಿ ನಮ್ಮನ್ನೇ ನೋಡುತ್ತಿದ್ದರು.

“ಏನೇ, ಮೂರು ಜನ ಹೆಣ ಕಾಯೋರ ಥರ ನಿಂತಿದೀರಿ” ಎಂದರು ಅತ್ತೆ. “ಯಾರಾದ್ರೂ ಒಬ್ಬರು ಕೂತ್ಕೊಳ್ಳಿ.”

ಯಾರೂ ಕೂರಲಿಲ್ಲ. ಎರಡನೆಯ ಗಂಟೆಗೆ ಅತ್ತೆ ಗೊರಕೆ ಹೊಡೆಯತೊಡಗಿದರು. ಮೂರನೆಯ ಗಂಟೆಯಲ್ಲಿ ಟಕ್ ಎಂದು ಸದ್ದಾಯಿತು. ನಾನು ಹಿಡಿಯನ್ನು ಯಂತ್ರಕ್ಕೆ ಸಿಕ್ಕಿಸಲು ಹೋದೆ, ಇವರು ಉರುಳೆಗಳತ್ತ ಬಗ್ಗಿದರು. ಬಿದ್ದದ್ದು ಅತ್ತೆಯ ಕನ್ನಡಕ. ಹನ್ನೆರಡಕ್ಕೆ ಯಂತ್ರ ತಾನಾಗಿ ಮುಗಿಸಿ ಪೀಂ ಎಂದಿತು. ತೂಕ ಎಷ್ಟು ಇಳಿಯಬೇಕಿತ್ತೋ ಅಷ್ಟೇ ಇಳಿದಿತ್ತು. ಡಾಕ್ಟರಮ್ಮ ಬರೆದುಕೊಂಡು, ಪೆನ್ನು ಮುಚ್ಚಿ, ಇವರ ಬೆನ್ನು ತಟ್ಟಿದರು. ನನ್ನ ಗಂಡ ಗೋಡೆಯ ಕಡೆ ತಿರುಗಿ ನಿಂತು ಅತ್ತರು. ನಾನೂ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ.

ಐದನೆಯ ಯಂತ್ರದಿಂದ ವಾರಕ್ಕೆ ಹದಿನೆಂಟು ಸರದಿ ಹೆಚ್ಚಾದವು. ಅಂದರೆ ಮೂವತ್ತಾರರಲ್ಲಿ ಹದಿನೆಂಟು ಜನಕ್ಕೆ ಮೂರನೆಯ ಸರದಿ. ತೀರಾ ಹದಗೆಟ್ಟವರು ಮೊದಲು ಎಂದು ಡಾಕ್ಟರಮ್ಮ ಪಟ್ಟಿ ಮಾಡಿ ಶನಿವಾರ ಗೋಡೆಗೆ ಹಚ್ಚಿದರು. ಮೇಲಿನಿಂದ ಕೆಳಗೆ ಓದಿದೆ, ಕೆಳಗಿನಿಂದ ಮೇಲೆ ಓದಿದೆ. ಅತ್ತೆಯ ಹೆಸರಿರಲಿಲ್ಲ. ಅಕ್ಕಪಕ್ಕದವರು ಬೆಚ್ಚುವಂತೆ “ಇದು ಯಾವ ನ್ಯಾಯ?” ಎಂದೆ. ಉರುಳೆ ತೋರಿಸಿಕೊಟ್ಟವರು, ಮೊದಲು ಕೂತವರು, ಅವರಿಗೇ ಇಲ್ಲವೇ? ಡಾಕ್ಟರಮ್ಮನ ಕೋಣೆಯತ್ತ ನಾಲ್ಕು ಹೆಜ್ಜೆ ಇಟ್ಟೂ ಆಗಿತ್ತು.

ಅಷ್ಟರಲ್ಲಿ ಬೇಕರಿಯವಳು ಮಕ್ಕಳಿಬ್ಬರನ್ನೂ ಕೈಹಿಡಿದುಕೊಂಡು ಬಂದಳು. ಕಾಲು ಊದಿ ಚಪ್ಪಲಿಯ ಪಟ್ಟಿ ಹಾಕಲಾಗದೆ ಎಳೆದುಕೊಂಡು ನಡೆಯುತ್ತಿದ್ದಳು. ಪಟ್ಟಿಯಲ್ಲಿ ಬೆರಳಾಡಿಸಿ, ಮೂರನೆಯ ಸಾಲಿನಲ್ಲಿ ನಿಲ್ಲಿಸಿ, ದೊಡ್ಡವಳಿಗೆ “ಇಲ್ಲಿದೆ ನೋಡು ಅಮ್ಮನ ಹೆಸರು” ಎಂದಳು. ಆ ಮಗು ಅಕ್ಷರ ಕೂಡಿಸಿ ಓದಿತು. ಬೇಕರಿಯವಳು ಮತ್ತೆ ಕೊನೆಯವರೆಗೂ ಓದಿ ನನ್ನತ್ತ ತಿರುಗಿದಳು.

“ಅಕ್ಕಾ, ನಿಮ್ಮತ್ತೆ ಹೆಸರೇ ಇಲ್ವಲ್ಲ! ಎಲ್ಲೋ ಬಿಟ್ಟುಹೋಗಿರಬೇಕು. ನಡೀರಿ, ಡಾಕ್ಟರಮ್ಮಂಗೆ ಹೇಳೋಣ. ಬೇಕಾದ್ರೆ ನಂದು ತೆಗೆದು…”

“ಏಯ್, ಸುಮ್ನಿರು” ಎಂದೆ. ಅವಳ ಬೆರಳನ್ನು ಹಿಡಿದು ಮತ್ತೆ ಅವಳ ಹೆಸರಿನ ಮೇಲೇ ಇಟ್ಟೆ. “ಯಾರೂ ಬಿಟ್ಟಿಲ್ಲ. ಅತ್ತೇದು ಆರನೇ ಯಂತ್ರದಲ್ಲಿ. ನಮ್ಮ ಮನೆಯವರು ಅದರ ಉರುಳೆ ಕಡೀತಿದಾರೆ. ಇನ್ನು ಎಂಟು ದಿನ.”

“ಎಂಟು ದಿನ ತಡ್ಕೋತಾರಾ ಅಕ್ಕಾ?”

“ತಡ್ಕೋತಾರೆ” ಎಂದೆ. “ನಾನಿದೀನಲ್ಲ.”